ಪಾವಣೆ ಹತ್ತು

ಸುಟ್ಟ ಕಟ್ಟಿಗೆಯ ಕಮಟು, ಹೊಗೆಯಲ್ಲ, ಹೊಗೆ ಹೋದ ಮೇಲೂ ಉಳಿಯುವ ವಾಸನೆ, ಚಹದ ಏಲಕ್ಕಿಯನ್ನೂ ಮೀರಿ ಬರುತ್ತಿದೆ, ಗೋಡೆಯ ಮೇಲಿನ ಗಡಿಯಾರದಿಂದಲೇ ಇರಬೇಕು, ಹೊಸ ಹಲಗೆ ಕೆಲವು ದಿನ ಹೀಗೆಯೇ ನಾರುತ್ತದೆ, ಲೇಸರ್ ಕಿರಣ ಕತ್ತರಿಸುತ್ತದೆ ಎನ್ನುವುದು ಬರಿಯ ಮಾತು, ಅದು ಸುಡುತ್ತದೆ, ಹೋದ ದಾರಿಯುದ್ದಕ್ಕೂ ಕೂದಲೆಳೆಯಷ್ಟು ಕಟ್ಟಿಗೆಯನ್ನು ನುಂಗಿಹಾಕುತ್ತದೆ, ನುಂಗುವುದನ್ನು ಮೊದಲೇ ಎಣಿಸಿ ಚಿತ್ರ ಬರೆಯದವರ ಪೆಟ್ಟಿಗೆ ಅಲ್ಲಾಡುತ್ತದೆ, ಪದ್ಮಜಾ ಮಾಡಿದ ಈ ಗಡಿಯಾರದ ಪೆಟ್ಟಿಗೆ ಅಲ್ಲಾಡುವುದಿಲ್ಲ, ಅಂಟಿಲ್ಲ, ಮೊಳೆಯಿಲ್ಲ, ಒಂದು ತುಂಡಿನ ನಾಲಗೆ ಇನ್ನೊಂದು ತುಂಡಿನ ಸಂದಿಯೊಳಗೆ ಬಿಗಿಯಾಗಿ ಕುಳಿತಿದೆ — ಇಷ್ಟೆಲ್ಲ ಸರಿಯಿದ್ದೂ ಅವ್ವ ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ, ಉಟ್ಟ ಸೀರೆ ಬಿಚ್ಚಿ ಮಡಿಚಿಟ್ಟು ಮಲಗಿದ್ದಾಳೆ, ಇಲ್ಲಿ ಪಡಸಾಲೆಯಲ್ಲಿ ಕಮತಗಿಯಿಂದ ಬಸ್ಸು ಹಿಡಿದು ಬಂದ ಮಹಾದೇವಿ ಟೀಚರ್, ಅವ್ವನ ಜೊತೆಗೆ ಒಂದೇ ಸಾಲೆಯಲ್ಲಿ ಪಾಠ ಹೇಳಿದವರು, ಅವರೊಂದಿಗೆ ಬಂದ ಇಬ್ಬರು ಹಳೆಯ ವಿದ್ಯಾರ್ಥಿನಿಯರು, ಚಹದ ಬಸಿ ಕೈಯಲ್ಲಿ ಹಿಡಿದು ಕುಳಿತಿದ್ದಾರೆ, ಯಾರನ್ನು ನೋಡಲು ಬಂದರೋ ಅವಳೇ ಹೊರಗೆ ಬರಲೊಲ್ಲಳು, ಮತ್ತು ಸಂಕೇತ, ಪದ್ಮಜಾಳ ತಮ್ಮ, ಬಾಗಲಕೋಟೆಯ ಕಾಲೇಜಿನಲ್ಲಿ ಕನ್ನಡ ಕಲಿಸುವವನು, ನಿನ್ನೆ ಸಂಜೆ ಬೀಗವೊಂದನ್ನು ಚೀಲದಲ್ಲಿ ಇಟ್ಟುಕೊಂಡು ಬಂದವನು, ಬಂದವರೆದುರಿಗೇ ನಿಟ್ಟುಸಿರಿಟ್ಟು ಹೇಳುತ್ತಿದ್ದಾನೆ, ನೋಡಿದ್ಯಾ ಅಕ್ಕಾ, ನಾ ಹೇಳಿರಲಿಲ್ಲೇನು, ಅವ್ವಗ ಹೊತ್ತಿನ ಖಬರ ಉಳಿದಿಲ್ಲ, ನೀ ಎಷ್ಟ ಗಡಿಯಾರ ಮಾಡಿದ್ರೂ ಅಷ್ಟ. ಅಷ್ಟೆ? ಅಷ್ಟೆಯೇ? ಒಬ್ಬ ಹೆಣ್ಣುಮಗಳ ಬುದ್ಧಿಯನ್ನು ಚಹದ ಬಸಿಗಳ ನಡುವೆ ಹೀಗೆ ತೀರ್ಮಾನಿಸಿ ಎತ್ತಿಡುವ ಅಧಿಕಾರವನ್ನು ಇವನಿಗೆ ಯಾರು ಕೊಟ್ಟರು?

ಲಕ್ವಾ ಹೊಡೆದದ್ದು ಅವ್ವನ ಬಲಗೈಗೆ, ನಾಲಗೆಗೆ ಸ್ವಲ್ಪ, ಮತ್ತೆ ಅಂಕಿಗಳಿಗೆ, ಡಾಕ್ಟರು ಹಾಗೆಯೇ ಅಂದರು, ಅಕ್ಷರ ಉಳಿದಾವ, ಅಂಕಿ ಹೋಗ್ಯಾವ, ಹಿಂಗೂ ಆಗ್ತದ್ರೀ ಒಮ್ಮೊಮ್ಮೆ, — ಸುದ್ದಿಪತ್ರಿಕೆ ಓದುವವಳು, ಕ್ಯಾಲೆಂಡರಿನಲ್ಲಿ ಏಕಾದಶಿ ಎಂಬ ಶಬ್ದವನ್ನು ದೂರದಿಂದಲೇ ಗುರುತಿಸುವವಳು, ಗಡಿಯಾರದ ಮುಖ ನೋಡಿದರೆ ಮಾತ್ರ ಹಾದಿ ತಪ್ಪಿದವರಂತೆ ನಿಲ್ಲುತ್ತಾಳೆ, ಮುಳ್ಳೂ ಕಾಣುತ್ತದೆ, ಅಂಕಿಯೂ ಕಾಣುತ್ತದೆ, ಅರ್ಥ ಬರುವುದಿಲ್ಲ, ಹಾಗಾಗಿಯೇ ಒಂದು ದಿನ ಉರಿಬಿಸಿಲಿನಲ್ಲಿ ಬೆಳಗಾಗಿದೆಯೆಂದು ಹೂವು ತರಲು ಹೊರಟು ಬಸ್‌ಸ್ಟ್ಯಾಂಡಿನ ಹತ್ತಿರ ತಲೆ ತಿರುಗಿ ಕುಳಿತಳು, ಸಂಕೇತ ಅಂದೇ ಫೋನಿನಲ್ಲಿ ತೀರ್ಪು ಕೊಟ್ಟ, ನೀ ಹುನಗುಂದಕ್ಕ ಕಾಲೇಜಿಗೆ ಹೋಗೂ ಮುಂದ ಹೊರಗಿಂದ ಕೀಲಿ ಹಾಕ್ಕೊಂಡು ಹೋಗು. ಅವ್ವನಿಗೆ ಕೀಲಿ! ಕಮತಗಿಯ ಸಾಲೆಯಲ್ಲಿ ಜೀವಮಾನವಿಡೀ ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಒಳಗೆ ಕರೆದು ಹೊತ್ತಿಗೆ ಸರಿಯಾಗಿ ಹೊರಗೆ ಬಿಟ್ಟ ತುಳಸೀಬಾಯಿ ಟೀಚರ್‌ಗೆ ಕೀಲಿ, ಕೊಟ್ಟಿಗೆಯ ದನಕ್ಕಾದರೂ ಹಗಲೆಲ್ಲ ಬಾಗಿಲು ಮುಚ್ಚುವುದಿಲ್ಲ, — ಅಂಕಿ ಹೋದರೆ ಹೋಗಲಿ, ಅಕ್ಷರದಲ್ಲೇ ಹೊತ್ತು ಹೇಳುವ ಗಡಿಯಾರ ಮಾಡುತ್ತೇನೆ ಎಂದು ಪದ್ಮಜಾ ಹಟ ಹಿಡಿದದ್ದು ಅಂದೇ, ಅವ್ವ ತಾನೇ ಓದಿ ಹೊತ್ತು ಹೇಳಿದರೆ ಬೀಗ ಬೇಡ ಎಂದು ತಮ್ಮನಿಂದ ಮಾತು ತೆಗೆದುಕೊಂಡದ್ದೂ ಅಂದೇ. ಹಲಗೆಯ ತುಂಬ ಕಿಂಡಿಗಳು, ಕಿಂಡಿಗೊಂದು ಅಕ್ಷರ, ಅಕ್ಷರದ ಹಿಂದೆ ಒಂದು ಪುಟ್ಟ ದೀಪ, ದೀಪದ ಬೆಳಕು ಪಕ್ಕದ ಅಕ್ಷರಕ್ಕೆ ಸೋರದಂತೆ ನಡುವೆ ಗೂಡುಗೂಡಾಗಿ ಕೂಡಿಸಿದ ತೆಳುಪಟ್ಟಿಗಳು, ಮುಂದೆ ಬೆಣ್ಣೆಕಾಗದ, ಕಾಲೇಜಿನಿಂದ ಬಂದ ಮೇಲೆ ಸಂಜೆಗಳೆಲ್ಲ ಅದಕ್ಕೇ ಹೋದವು, ಮೊದಲ ಸಲ ಕತ್ತರಿಸಿದಾಗ ಒಂದು, ಎಂಟು, ಒಂಬತ್ತು ಇವುಗಳ ಸೊನ್ನೆಯ ನಡುವಿನ ಚಕ್ರ ಕಳಚಿ ಬಿದ್ದು ಬರಿಯ ತೂತು ಉಳಿದಿತ್ತು, ಗ್ರಾನೈಟ್ ಅಂಗಡಿಗಳಿಗೆ ನಾಮಫಲಕ ಕೊರೆದುಕೊಡುವ ಗೌಸಸಾಬ ಬಿದ್ದ ಚಕ್ರಗಳನ್ನು ಅಂಗೈಯಲ್ಲಿ ಹಿಡಿದು, ತಗೋರಿ ಮೇಡಂ ನಿಮ್ಮ ಸೊನ್ನಿ, ಅಂಗಿಗೆ ಗುಂಡಿ ಮಾಡಿಕೋರಿ ಎಂದು ನಕ್ಕ, ನಗಲಿ, ಎರಡನೆಯ ಸಲ ಚಿತ್ರ ಬರೆಯುವಾಗ ಒಳಗು ಮುಚ್ಚಿದ ಒಂದೊಂದು ಅಕ್ಷರಕ್ಕೂ ಕಟ್ಟಿಗೆಯ ಸಣ್ಣ ಎಳೆಯೊಂದನ್ನು ಬಿಟ್ಟು ಒಳಗನ್ನು ಹೊರಗಿಗೆ ಹಿಡಿಸಿದಳು, ವ-ಕಾರಕ್ಕೆ, ಮ-ಕಾರಕ್ಕೆ, ಸೊನ್ನೆಗೆ, ಇನ್ನು ಕೊರೆದರೆ ಯಾವುದೂ ಬೀಳದು. ಶಬ್ದಗಳನ್ನು ಕೊಟ್ಟವಳು ಮಾತ್ರ ಅವ್ವ. ಅವ್ವಾ, ಹತ್ತಕ್ಕ ಇನ್ನೂ ಕಾಲು ತಾಸು ಇದ್ರ ಏನಂತೀ? ತಡವರಿಸಿದಳು, ತುಟಿ ಓರೆಯಾಯಿತು, ಆಮೇಲೆ ಒಮ್ಮೆಲೆ, ತಡೆಯಿಲ್ಲದೆ, ಪಾವಣೆ ಹತ್ತು. ಅಪ್ಪನೂ ಇದ್ದಾಗ ದಿನಾಲು ಮನೆಯೆಲ್ಲ ಕೇಳುವಂತೆ ಅನ್ನುತ್ತಿದ್ದದ್ದು ಅದನ್ನೇ, ಪಾವಣೆ ಹತ್ತಾತು, ಕಾಲಿನ ಜೋಡು ಎಲ್ಲಿ ನಂದು, — ಮೂರು ಅಕ್ಷರ, ಮೂರು ಕಿಂಡಿ, ಪಾ, ವ, ಣೆ, ಕಾಗದದ ಹಲಗೆ ಅಂಟಿಸಿ ಅವ್ವನೆದುರು ಹಚ್ಚಿದಾಗ ದೀಪ ಬೆಳಗಿದಂತೆಲ್ಲ ಎಡಗೈ ಬೆರಳು ಮುಂದೆ ಮಾಡಿ ಓದಿದಳು, ಎಂಟರ ಮೇಲೆ ಕಾಲಾದರೆ ಸವಾ ಎಂಟು, ಅರ್ಧವಾದರೆ ಸಾಡೆ ಎಂಟು, ಆಮೇಲೆ ಪಾವಣೆ ಒಂಬತ್ತು, ಒಂದನ್ನೂ ತಪ್ಪಲಿಲ್ಲ, ಓದಿ ಮುಗಿಸಿ ಮಗಳ ಕಡೆ ನೋಡಿದಳಲ್ಲ, ಪರೀಕ್ಷೆ ಕೊಟ್ಟವಳಂತಲ್ಲ, ಪರೀಕ್ಷೆ ತೆಗೆದುಕೊಂಡು ಗಡಿಯಾರವನ್ನೇ ಪಾಸು ಮಾಡಿದವಳಂತೆ.

ಇನ್ನು ತಪ್ಪಿದ್ದು ಎಲ್ಲಿ, ಮುಂಜಾನೆಯಿಂದ ಏನೇನಾಯಿತು, ಒಂದೊಂದಾಗಿ ನೆನೆಯಬೇಕು, ಸಿಟ್ಟಿನಲ್ಲಿ ಕ್ರಮ ತಪ್ಪಬಾರದು, — ನಿನ್ನೆ ಬಸ್‌ಸ್ಟ್ಯಾಂಡಿನಿಂದ ಬರುತ್ತ ಗೌಸಸಾಬ ಆ ಚಿತ್ರದಂತೆ ಕೊರೆದ ಹಲಗೆ ತಂದುಬಿಡು ಎಂದು ಸಂಕೇತನಿಗೆ ಹೇಳಿದ್ದಳು, ತಂದ, ಸುದ್ದಿಪತ್ರಿಕೆಯಲ್ಲಿ ಸುತ್ತಿದ್ದನ್ನು ಬಿಚ್ಚಿ ನೋಡುವಷ್ಟು ಹೊತ್ತಿರಲಿಲ್ಲ, ಹತ್ತಕ್ಕೆ ಬರುತ್ತೇವೆಂದ ಮಹಾದೇವಿ ಟೀಚರ್‌ರನ್ನು ಎದುರುಗೊಳ್ಳಲು ಮುಂಜಾನೆ ತಾನು ಹೋಗುವಾಗ, ಸಂಕ್ಯಾ, ಆ ಹಲಗಿ ಕೂಡಿಸಿಬಿಡು, ಮೂಲಿಗೊಂದು ಸ್ಕ್ರೂ ಅಷ್ಟ, ಎಂದಳು, ಅವ್ವ ಆಗಲೇ ಗೋಮಿ ದಡಿಯ, ಕೆಂಪು ರೇಷ್ಮೆ ಸೆರಗಿನ ಸೀರೆ ಉಟ್ಟು ಗಡಿಯಾರದೆದುರಿನ ಕುರ್ಚಿಯಲ್ಲಿ ಕುಳಿತಿದ್ದಳು, ಕುಂಕುಮ ಸ್ವಲ್ಪ ಓರೆ, ಎಡಗೈಯಿಂದ ಇಟ್ಟದ್ದು, ತಿದ್ದಲು ಹೋದರೆ ಕೈ ತಳ್ಳಿದಳು, ಬಸ್ಸು ತಡವಾಯಿತು, ಹತ್ತು ಹೊಡೆದು ಸ್ವಲ್ಪ ಹೊತ್ತಿಗೆ ಎಲ್ಲರೂ ಮನೆಗೆ ಬಂದರೆ ಕುರ್ಚಿ ಬರಿದಾಗಿತ್ತು. ಸಂಕೇತ ಹೇಳಿದ್ದು ಇಷ್ಟು, ಹತ್ತಾಗೂದರೊಳಗ ಎದ್ದಳು ಅಕ್ಕಾ, ಹೊತ್ತು ಮೀರಿತು, ಯಾರೂ ಬರಲಿಲ್ಲ ಅಂದಳು, ಇನ್ನೂ ಹತ್ತಾಗಿಲ್ಲವಾ ಅಂತ ನನ್ನ ವಾಚು ತೋರಿಸಿದೆ, ಕೇಳಲಿಲ್ಲ, ನಿನಗ ತಿಳೀವಲ್ದು ಬಿಡವಾ ಅಂದೆ, ಸುಮ್ಮನ ಒಳಗ ಹೋದಳು. ಅಂಕಿ ಓದಲಾರದವಳಿಗೆ ಅಂಕಿಯ ವಾಚು ಹಿಡಿದು ತೋರಿಸಿ, ತಿಳಿಯಲಿಲ್ಲವೆಂದು ತೀರ್ಪು ಕೊಡುವ ವಿದ್ಯಾವಂತ, ಕುರುಡನಿಗೆ ಕನ್ನಡಿ ಹಿಡಿದು ಮುಖ ತೊಳೆದಿಲ್ಲವೆನ್ನುವ ಜಾತಿ, — ಆದರೂ, ಆದರೂ ಪದ್ಮಜಾಳ ಎದೆಯೊಳಗೆ ಒಂದು ಸಣ್ಣ ಸಂಶಯ, ಅವ್ವ ನಿಜವಾಗಿಯೂ ತಪ್ಪಿದಳೇ, ಅಕ್ಷರವೂ ಹೋಯಿತೇ, — ಅಷ್ಟರಲ್ಲಿ ಅಯ್ಯ ಶಿವನ! ಎಂದು ಮಹಾದೇವಿ ಟೀಚರ್ ಬಸಿ ಕೆಳಗಿಟ್ಟು ಎದ್ದೇಬಿಟ್ಟರು, ಕಣ್ಣು ಗೋಡೆಯ ಮೇಲೆ, ಹನ್ನೊಂದೂ ಮುಕ್ಕಾಲು ಆತಲ್ಲವಾ, ಹನ್ನೊಂದೂವರಿ ಬಸ್ಸು ಹ್ವಾತು, ಏಳ್ರೇ, ಚಪ್ಪಲಿ ಮೆಟ್ಟಿಕೋರಿ, ಜೊತೆಗಿದ್ದವಳು ಮೊಬೈಲು ನೋಡಿ, ಟೀಚರ್, ಕೂಡ್ರಿ, ಇನ್ನೂ ಹತ್ತೂ ಮುಕ್ಕಾಲರಿ, ಟೀಚರ್ ಒಪ್ಪಲೊಲ್ಲರು, ಗಡ್ಯಾರ ಹಂಗನ್ನವಲ್ದಲ್ಲ, ನೀನ ಓದು, ಮುಕ್ಕಾಲು ಹನ್ನೊಂದು ಅಂದ್ರ ಹನ್ನೊಂದರ ಮ್ಯಾಲ ಮುಕ್ಕಾಲಲ್ಲೇನ, ಪದ್ಮಾ, ನಿಮ್ಮ ಗಡ್ಯಾರ ಊಟಾ ಹಾಕದನ ನಮ್ಮನ್ನ ಹೊರಗ ಹಾಕಾಕತ್ತೈತಿ ನೋಡವಾ, ಎಲ್ಲರೂ ನಕ್ಕರು, ಸಂಕೇತನೂ ನಕ್ಕ, ಪದ್ಮಜಾ ನಗಲಿಲ್ಲ, ತಲೆಯೆತ್ತಿ ಆಗ, ಆಗ ಮೊದಲ ಸಲ, ಹಲಗೆಯನ್ನು ಓದಿ ನೋಡಿದಳು. ಮು. ಕ್ಕಾ. ಲು. ಮು-ವಿನ ಒಳಗು ಬಿದ್ದುಹೋಗಿ ಬೆಳಕಿನ ಗಡ್ಡೆಯಾಗಿತ್ತು, ಎಳೆ ಬಿಟ್ಟಿಲ್ಲ, ತಾನು ಬರೆದ ಅಕ್ಷರವಲ್ಲ ಅದು. ಯಾರು ತಿದ್ದಿದವರು? ನಾನ, ಎನ್ನುತ್ತಾನೆ ಸಂಕೇತ, ಹೆಮ್ಮೆಯಿಂದಲೇ, ಪಾವಣೆ ಮರಾಠಿ ಶಬ್ದ ಅಕ್ಕಾ, ಸವಾ, ಸಾಡೆ ಎಲ್ಲಾ ಅಲ್ಲಿಂದನ ಬಂದದ್ದು, ಅವ್ವ ಕನ್ನಡ ಸಾಲಿ ಟೀಚರು, ಬಂದವರ ಮುಂದ ಚಂದ ಕಾಣ್ತದೇನು, ಗೌಸಸಾಬನ ಕಡೆ ಕೂತು ಮುಕ್ಕಾಲು, ಕಾಲು, ಅರ್ಧ ಅಂತ ಮಾಡಿಸಿದೆ, ಅಕ್ಷರನೂ ಬರೋಬ್ಬರಿ ಅಷ್ಟ ಅವ, ನಿನ್ನ ಕಿಂಡಿ ಒಂದೂ ಕೆಡಿಸಿಲ್ಲ.

ಕಿಂಡಿ ಕೆಡಿಸಿಲ್ಲ! ಪೆಟ್ಟಿಗೆಯೊಳಗಿನ ಬೋರ್ಡಿಗೆ ಕನ್ನಡವೂ ಗೊತ್ತಿಲ್ಲ ಮರಾಠಿಯೂ ಗೊತ್ತಿಲ್ಲ, ಹತ್ತಕ್ಕೆ ಕಾಲು ತಾಸು ಉಳಿದಾಗ ಈ ಮೂರು ಕಿಂಡಿಗಳ ದೀಪ ಹೊತ್ತಿಸು, ಜೊತೆಗೆ ಹತ್ತು ಎಂಬುದರ ದೀಪ ಹೊತ್ತಿಸು ಎಂದರೆ ಹೊತ್ತಿಸುತ್ತದೆ, ಪಾವಣೆ ಎಂಬುದು ಬರುವ ತಾಸನ್ನು ಹಿಡಿದು ಕೊರತೆ ಹೇಳುವ ಮಾತು, ಮುಕ್ಕಾಲು ಎಂಬುದು ಕಳೆದ ತಾಸನ್ನು ಹಿಡಿದು ಹೆಚ್ಚು ಹೇಳುವ ಮಾತು, ಒಂದನ್ನು ಕಿತ್ತು ಇನ್ನೊಂದನ್ನು ಇಟ್ಟರೆ ಅಕ್ಷರದ ಎಣಿಕೆ ಸರಿಹೋಗುತ್ತದೆ, ಹೊತ್ತು ಒಂದು ತಾಸು ಸುಳ್ಳಾಗುತ್ತದೆ, ಕಾಲು ಹತ್ತು, ಅರ್ಧ ಹತ್ತು, ಅವು ಕಿವಿಗೆ ಕರ್ಕಶವಾದರೂ ಸುಳ್ಳಲ್ಲ, ಇದು ಶುದ್ಧ ಸುಳ್ಳು, ಶುದ್ಧ ಕನ್ನಡದ ಸುಳ್ಳು, ಮತ್ತು ಅವ್ವ ಅದನ್ನು ಸರಿಯಾಗಿ ಓದಿದಳು, ಒಂದಕ್ಷರ ತಪ್ಪದೆ ಓದಿದಳು, ಮುಕ್ಕಾಲು ಹತ್ತು ಎಂದು ಗೋಡೆ ಹೇಳಿತು, ಹತ್ತೂ ಮುಕ್ಕಾಲಾಯಿತೆಂದು ತಿಳಿದಳು, ಹತ್ತಕ್ಕೆ ಬರುತ್ತೇವೆಂದವರು ಯಾರೂ ಬರಲಿಲ್ಲವೆಂದು ತಿಳಿದಳು, ಈಗ ಮಹಾದೇವಿ ಟೀಚರ್ ತಿಳಿದದ್ದೂ ಅದೇ ರೀತಿ, ಅವರಿಗೆ ಬೀಗ ಹಾಕುವೆಯೇನು ಸಂಕೇತಾ, ಹಾಕು, ನಿನ್ನ ಚೀಲದಲ್ಲಿದೆಯಲ್ಲ, ಎಂದು ಪದ್ಮಜಾ ಬಾಯಿಬಿಟ್ಟೇ ಕೇಳಿದಳೋ ಮನಸ್ಸಿನಲ್ಲೇ ಕೇಳಿದಳೋ, ಕೇಳಿದ್ದೇ ಇರಬೇಕು, ಅವನ ಮುಖ ಸಣ್ಣದಾಗಿದೆ, ಹಂಗಲ್ಲ ಅಕ್ಕಾ, ಒಂದು ಶಬ್ದದಾಗ ಇಷ್ಟು ಇರ್ತದಂತ, — ಇರುತ್ತದೆ, ಒಂದು ಶಬ್ದದಲ್ಲಿ ಇಷ್ಟೇ ಇರುತ್ತದೆ, ಇದಕ್ಕಿಂತ ಹೆಚ್ಚೂ ಇರುತ್ತದೆ, ತುಳಸೀಬಾಯಿ ಎಂಬಲ್ಲಿನ ಬಾಯಿ ಎಲ್ಲಿಂದ ಬಂತು, ಅದೂ ಮರಾಠಿಯಿಂದಲೇ ಅಲ್ಲವೇ, ಅದನ್ನೂ ಕೊರೆದು ತೆಗೆದು ಅಷ್ಟೇ ಅಕ್ಷರದ ಬೇರೆ ಅವ್ವನನ್ನು ಕೂಡಿಸುವೆಯಾ, ಬಾಯಿಂದ ಬಂದ ಮಾತನ್ನು ಯಂತ್ರಕ್ಕೆ ಕೊಡುವ ಮೊದಲು ಮಾತಾಡಿದವಳನ್ನು ಒಂದು ಸಲ ಕೇಳಬೇಕೆಂದು ತೋಚಲಿಲ್ಲವೇ, ಅವಳು ಇದೇ ಮನೆಯಲ್ಲಿ, ಇದೇ ಕುರ್ಚಿಯಲ್ಲಿ ಇದ್ದಳಲ್ಲ, ನನ್ನನ್ನು ಕೇಳದಿದ್ದರೆ ಬೇಡ, ಅವಳನ್ನು! ಬಿಡವಾ ಪದ್ಮಾ, ಟೀಚರ್ ನಡುವೆ ಬರುತ್ತಾರೆ, ಮೊದಲ ಆಕಿಗೆ ಹೇಳ್ಹೋಗು, ನಾವು ಬಂದೇವಿ ಅನ್ನು, ಆಕಿ ತಪ್ಪಿಲ್ಲ ಅನ್ನು, ಹೌದು, ಅದು ಮೊದಲು, ಒಳಗೆ ಹೋದಳು, ಕೋಣೆಯಲ್ಲಿ ಬೆಳಕು ಕಡಿಮೆ, ಅವ್ವನ ಬೆನ್ನು, ಹಳೆಯ ನೂಲಿನ ಸೀರೆ, ಅವ್ವಾ, ಏಳು, ನೀ ಓದಿದ್ದು ಖರೇನ ಅದ, ಹಲಗಿ ತಪ್ಪಿತ್ತು, ಸಂಕ್ಯಾ ತಿದ್ದಿ ಕೆಡಿಸ್ಯಾನ, ನೀ ತಪ್ಪಿಲ್ಲ, ಮಹಾದೇವಿ ಟೀಚರ್ ಬಂದಾರ, ಏಳು. ಬೆನ್ನು ಅಲುಗಲಿಲ್ಲ. ಗೋಡೆಗೇ ಹೇಳಿದಳು, ಒಂದೊಂದು ಶಬ್ದವಾಗಿ, ನನಗ ತಿಳೀವಲ್ದು, ಕೀಲಿ ಹಾಕ್ಕೊಂಡು ಹೋಗ್ರಿ. ಇಲ್ಲ, ಅವ್ವಾ, ಹಾಗನ್ನಬೇಡ, ಹೊಸ ಹಲಗೆ ಇವತ್ತೇ ಕೊರೆಸುತ್ತೇನೆ, ಇವನನ್ನೇ ಕಳಿಸುತ್ತೇನೆ, ನಿನ್ನ ಪಾವಣೆ, ನಿನ್ನ ಸವಾ, ನಿನ್ನ ಬಾಯಲ್ಲಿ ಬಂದಂತೆಯೇ, ಈಗ ಏಳು, ಸೀರೆ ಉಡಿಸುತ್ತೇನೆ, — ಮಂಚದ ತುದಿಯಲ್ಲಿ ಅದು, ಹಳೆಯ ಗೆರೆಗಳ ಮೇಲೆಯೇ ಮಡಿಚಿಟ್ಟದ್ದು, ಅಂಚಿಗೆ ಅಂಚು, ಅಂಗಡಿಯಿಂದ ಈಗ ತಂದಂತೆ, ಬಲಗೈ ಎತ್ತಲಾರದವಳು ಒಂದೇ ಕೈಯಲ್ಲಿ ಇಷ್ಟುದ್ದದ ಸೀರೆಯನ್ನು ಇಷ್ಟು ನೇರವಾಗಿ ಹೇಗೆ ಮಡಿಚಿದಳು, ಯಾರು ಹಿಡಿದರು ಆ ಕಡೆಯ ತುದಿಯನ್ನು, ಯಾರೂ ಇರಲಿಲ್ಲವಲ್ಲ, ಕೈಗೆತ್ತಿಕೊಂಡಳು, ಸೆರಗಿನ ಮೂಲೆ ತಣ್ಣಗಿತ್ತು, ಒದ್ದೆ, ಕೆಂಪು ರೇಷ್ಮೆಯ ಮೇಲೆ ಸಾಲಾಗಿ ಸಣ್ಣ ಕುಳಿಗಳು, ಹಲ್ಲಿನ ಗುರುತು, ಅವ್ವ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಹಲ್ಲಿನಲ್ಲಿ, ಯಾರೂ ಬರಲಿಲ್ಲವೆಂದು, ಹಲ್ಲಿನಲ್ಲಿ ಕಚ್ಚಿ ಹಿಡಿದು