ಪಕ್ಕದ ಪರದೆಯ ಗಂಟಲು

ನನ್ನ ಸೋದರಮಾವ ಒಂದು ಮಾತಾಡಬೇಕಾದರೆ ಮೊದಲು ಅವರ ಗಂಟಲು ಮಾತಾಡಬೇಕು. ಭಾರದ ಪೆಟ್ಟಿಗೆಯನ್ನು ಹಲಗೆಯ ಮೇಲೆ ಎಳೆದಂಥ ‘ಹ್ಞುಂ ಹ್ಞುಂ’ ಸದ್ದು, ಆಮೇಲೆ ಒಮ್ಮೆ ಉಗುಳು ನುಂಗುವುದು, ಆಮೇಲೆ ಮಾತು. ಅಷ್ಟರಲ್ಲಿ ಫೋನಿನ ಆ ಕಡೆಯವರು ಬೇಸತ್ತು ಇಟ್ಟೇಬಿಟ್ಟಿರುತ್ತಾರೆ. ಇಂಥ ಗಂಟಲನ್ನಿಟ್ಟುಕೊಂಡು ಅವರು ಮಾಡುವ ಕಸುಬು ಕೇಳಿದರೆ ನೀವು ನಗುತ್ತೀರಿ: ನಮ್ಮ ನಾಟಕ ಕಂಪನಿಯಲ್ಲಿ ಪಕ್ಕದ ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂತು, ಮಾತು ಮರೆತ ನಟರಿಗೆ, ಪ್ರೇಕ್ಷಕರ ಕಿವಿಗೆ ಬೀಳದಂತೆ, ಪಿಸುದನಿಯಲ್ಲಿ ಹೇಳಿಕೊಡುವುದು.

ರಂಗದ ಹಲಗೆ ಕಿರುಗುಟ್ಟಬಾರದೆಂದು ಕಲಿತ ತುದಿಗಾಲ ನಡಿಗೆ ಬೀದಿಯಲ್ಲೂ ಅವರನ್ನು ಬಿಟ್ಟಿಲ್ಲ. ಕತ್ತಿನವರೆಗೆ ಗುಂಡಿ ಹಾಕಿದ ಕಂದು ಕೋಟು, ಅದರ ಜೇಬಿನಲ್ಲಿ ಬಿಸಿನೀರಿನ ಪುಟ್ಟ ಫ್ಲಾಸ್ಕು. ದೂರದಿಂದ ನೋಡಿದರೆ ಯಾರದೋ ಮನೆಗೆ ಕನ್ನ ಹಾಕಲು ಹೊರಟ ಸಭ್ಯ ಗೃಹಸ್ಥರು.

ಬಹುಕಾಲ ಹೊಟ್ಟೆಯ ಆಮ್ಲ ಮೇಲಕ್ಕುಕ್ಕಿ ಅವರ ಎದೆಯನ್ನು ಸುಡುತ್ತಿತ್ತು. ದಿಂಬುಗಳಿಗೆ ಒರಗಿ, ಕೂತೇ ನಿದ್ದೆ. ಕೊನೆಗೆ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಮೇಲ್ತುದಿಯನ್ನು ಅನ್ನನಾಳದ ಸುತ್ತ ಸುತ್ತಿ ಹೊಲಿದರು. ಉರಿ ನಿಂತಿತು. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಗುವುದು ಮಾತ್ರ ನಿಲ್ಲಲಿಲ್ಲ. ವೈದ್ಯರು ಮತ್ತೆ ಕೊಳವೆ ಇಳಿಸಿ ನೋಡಿ, ಹೊಲಿಗೆ ಭದ್ರವಾಗಿದೆ, ಆಮ್ಲ ಮೇಲೆ ಬರುತ್ತಿಲ್ಲ, ನೊಂದ ಗಂಟಲು ಅತಿಸೂಕ್ಷ್ಮವಾಗಿದೆ, ಕಡಿಮೆಯಾಗಬಹುದು, ಉಳಿಯಲೂಬಹುದು, ಕೆಮ್ಮಬೇಕೆನಿಸಿದಾಗ ಗುಟುಕು ನೀರು ಕುಡಿಯಿರಿ ಎಂದರು. ಆಪರೇಷನ್ ದಂಡವಾಯಿತೆಂದು ಅತ್ತೆ ಗೊಣಗಿದರೆ ಮಾವನದು ಒಂದೇ ಉತ್ತರ: “ಬಾಡಿಗೆಯವನು ಮನೆ ಖಾಲಿ ಮಾಡಿದಾನೆ ಕಣೇ. ಆಗಾಗ ಬಂದು ಬೆಲ್ ಒತ್ತೋ ಚಾಳಿ ಬಿಟ್ಟಿಲ್ಲ, ಅಷ್ಟೆ.” ಮೈ ಚಾಚಿ ಮಲಗುವ ಸುಖವನ್ನಂತೂ ಹೊಸದಾಗಿ ಕೈಸೇರಿದ ಆಸ್ತಿಯೆಂಬಂತೆ ಸಿಕ್ಕವರಿಗೆಲ್ಲ ವರ್ಣಿಸುತ್ತಿದ್ದರು.

ಆದರೆ ಗಂಟಲಿನ ಸದ್ದು ಪ್ರೇಕ್ಷಕರ ಮುಂದಿನ ಸಾಲಿಗೆ ಕೇಳಿಸತೊಡಗಿತ್ತು. ಇನ್ನೊಂದು ಸಲ ಕೇಳಿಸಿದರೆ ಟಿಕೆಟ್ ಕಿಟಕಿಗೆ ಕೂರಿಸುತ್ತೇನೆಂದು ನಿರ್ದೇಶಕರು ನೊಂದುಕೊಂಡೇ ಹೇಳಿದರು. “ಅಲ್ಲಿಗೆ ನಾಟಕ ಕೇಳಿಸೋದಿಲ್ವಲ್ಲೋ,” ಎಂದರು ಮಾವ ನನ್ನ ಹತ್ತಿರ. ಅವರು ಪೆಚ್ಚಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆ ಸಂಜೆ ನ್ಯಾಯಾಧೀಶ ತನ್ನ ತಮ್ಮನಿಗೇ ಶಿಕ್ಷೆ ವಿಧಿಸುವ ನಾಟಕ. ನ್ಯಾಯಾಧೀಶನ ಪಾತ್ರ ನಮ್ಮ ಹೀರೋನದು. ಬಾಯಿಪಾಠವೆಂದರೆ ಆತನಿಗೆ ಆಗದು, ಪರದೆಯ ಹಿಂದಿನಿಂದ ಬಂದದ್ದನ್ನು ಹಿಂದುಮುಂದು ನೋಡದೆ ಒಪ್ಪಿಸಿಬಿಡುವ ಪುಣ್ಯಾತ್ಮ. ಪೇದೆಯ ವೇಷದಲ್ಲಿ ನಾನು ಮಾವನ ಪಕ್ಕ ನಿಂತಿದ್ದೆ. ತೀರ್ಪಿನ ಹೊತ್ತಿಗೆ ಹೀರೋನ ಕಣ್ಣು ಇತ್ತ ತಿರುಗಿತು. ಮಾವ ನೀರು ಗುಟುಕರಿಸಿದರು, ನುಂಗಿದರು, ಕೋಟಿನ ತೋಳಿನಿಂದ ಬಾಯಿ ಅದುಮಿದರು, ಗಂಟಲು ಬಗ್ಗಲಿಲ್ಲ. ‘ಹ್ಞುಂ ಹ್ಞುಂ’ ಎಂದೇ ಮಾತು ಹೇಳಿಕೊಟ್ಟರು. ಹೀರೋ ಗಂಭೀರವಾಗಿ ‘ಹ್ಞುಂ ಹ್ಞುಂ’ ಎಂದು ಗಂಟಲು ಸರಿಪಡಿಸಿಕೊಂಡು ಅದೇ ಮಾತು ಹೇಳಿದ. ಮುಂದಿನ ಮಾತಿಗೂ ಹಾಗೆಯೇ. ಒಡಹುಟ್ಟಿದವನನ್ನು ಸೆರೆಗೆ ಕಳಿಸುವಾಗ ನ್ಯಾಯಾಧೀಶನ ಗಂಟಲು ಕಟ್ಟುತ್ತಿದೆಯೆಂದು ತಿಳಿದ ಸಭಾಂಗಣ ಉಸಿರು ಬಿಗಿಹಿಡಿಯಿತು. ಮುಂದಿನ ಸಾಲಿನ ಹೆಂಗಸೊಬ್ಬರು ಕರವಸ್ತ್ರ ತೆಗೆದರು.

ತೆರೆ ಬಿದ್ದಾಗ ಮಾವ ಸ್ಟೂಲಿನಿಂದ ಎದ್ದು, ಟಿಕೆಟ್ ಕಿಟಕಿಗೆ ಹೊರಡುವವರಂತೆ ನಿಂತುಬಿಟ್ಟಿದ್ದರು. ನಿರ್ದೇಶಕರು ಬಾಯಿ ತೆರೆಯುವ ಮೊದಲೇ ಹೀರೋ ಬಂದು, “ಆ ಕೆಮ್ಮನ್ನ ಎಷ್ಟು ಚೆನ್ನಾಗಿ ಸೇರಿಸಿದೀರಿ ಮಾವಾ! ನಾಳೆನೂ ಇದೆ ತಾನೆ?” ಎಂದ.

ನಿರ್ದೇಶಕರು ನಗು ನುಂಗಿಕೊಂಡು ಮಾವನ ಕಡೆ ತಿರುಗಿದರು. “ಇದೆ. ತೀರ್ಪಿನಲ್ಲಿ ಮಾತ್ರ. ಮಿಕ್ಕ ಕಡೆ ದಯವಿಟ್ಟು ನೀರು ಕುಡೀರಿ.” ಮರುದಿನ ನೋಡಿದರೆ ಸ್ಟೂಲಿಗೂ ರಂಗಕ್ಕೂ ನಡುವೆ ದಪ್ಪ ಕಂಬಳಿಯೊಂದು ಇಳಿಬಿದ್ದಿತ್ತು, ಅದರಲ್ಲಿ ಒಂದು ಬಾಯಿಯಷ್ಟಗಲದ ಸೀಳು.

ಪೂರ್ತಿ ವಾಸಿಯಾಗದವರದು ಲೋಕದಲ್ಲಿ ದೊಡ್ಡ ಬಳಗ. ಹಾಸಿಗೆ ಹಿಡಿಯುವಷ್ಟು ರೋಗವಿಲ್ಲ, ಮರೆತಿರುವಷ್ಟು ಆರೋಗ್ಯವಿಲ್ಲ. ಅವರಲ್ಲಿ ಮಾವನಂಥ ಕೆಲವರು ಉಳಿದ ನೋವನ್ನು ಬಚ್ಚಿಡುವುದಿಲ್ಲ, ಎದುರಿಗಿಟ್ಟುಕೊಂಡು ಅಳುವುದೂ ಇಲ್ಲ. ಜೊತೆಗೆ ಕೆಲಸಕ್ಕೆ ಕರೆತರುತ್ತಾರೆ. ನಾವಾದರೋ ಬಿಟ್ಟುಹೋದ ನೋವನ್ನು ಹೋದ ಮರುದಿನವೇ ಮರೆಯುತ್ತೇವೆ. ಉಳಿದ ಚೂರು ನೋವು ಹೋದ ದೊಡ್ಡ ನೋವನ್ನು ಅವರಿಗೆ ಮರೆಯಗೊಡುವುದಿಲ್ಲ, ಅದಕ್ಕೇ ಇರಬೇಕು, ಅವರ ಮುಖದಲ್ಲಿ ಸದಾ ಏನನ್ನೋ ಉಡುಗೊರೆ ಪಡೆದವರ ಕಳೆ.