ಐತವಾರ ಲೀಗಿನ ಸೀಟಿ

ನಾನು ಒಂದು ಸೀಟಿ. ಹಿತ್ತಾಳೆಯ ಮೈ, ಮೇಲೆ ಬೆಳ್ಳಿಯಂಥ ಹೊಳಪು, ಹೊಟ್ಟೆಯೊಳಗೆ ಬಟಾಣಿಯಷ್ಟು ದಪ್ಪದ ಬೆಂಡಿನ ಗುಂಡು. ನನ್ನಂಥವರದು ಎಂಜಲಿನ ಬದುಕು. ಹೇಸಿಗೆ ಪಡುವವರು ಇಲ್ಲೇ ಪುಟ ಮಗುಚಿ ಹೋಗಬಹುದು, ನನಗೇನೂ ಬೇಜಾರಿಲ್ಲ. ನನಗೆ ಬರುವುದು ಒಂದೇ ಮಾತು. ಅದನ್ನೂ ನಾನಾಗಿ ಆಡಲಾರೆ, ಇನ್ನೊಬ್ಬರ ಉಸಿರು ಬೇಕು. ಆದರೆ ಬಂದ ಉಸಿರು ಎಂಥದ್ದು ಎಂದು ಗುರುತಿಸುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಸಿಟ್ಟಿನ ಉಸಿರು ಉಗುಳು ಹೊತ್ತು ತರುತ್ತದೆ. ಮನಸ್ಸಿಲ್ಲದ ಉಸಿರು ಅರ್ಧಕ್ಕೇ ಸೋರಿಹೋಗುತ್ತದೆ.

ಹುಟ್ಟಿದ್ದು ಉತ್ತರದ ಯಾವುದೋ ಊರಿನ ಸಣ್ಣ ಕಾರ್ಖಾನೆಯಲ್ಲಿ. ತಗಡು ಕತ್ತರಿಸಿದರು, ಬಗ್ಗಿಸಿದರು, ಬೆಸುಗೆ ಹಾಕಿದರು, ನೀರಲ್ಲಿ ಅದ್ದಿದರು. ಆ ಉರಿ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಧಾರವಾಡದ ಆಟದ ಸಾಮಾನಿನ ಅಂಗಡಿಗೆ ಬಂದು ಗಾಜಿನ ಪೆಟ್ಟಿಗೆಯಲ್ಲಿ ಬಹಳ ದಿನ ಕೂತೆ. ನನ್ನನ್ನು ಕೊಂಡವರು ಹೆಣ್ಣುಮಕ್ಕಳ ಹೈಸ್ಕೂಲಿನ ಪಿ.ಟಿ. ಟೀಚರು, ಶಾಂತಲಾ ಹುಯಿಲಗೋಳ. ಆಹಾ, ಅದೆಂಥ ಉಸಿರು! ಅಳೆದು ಸುರಿದಂತೆ. ಅವರು ಊದಿದರೆ ಮೈದಾನದ ಆಚೆಯ ಬೇವಿನ ಮರದ ಗಿಳಿಗಳೂ ಗಪ್ ಚುಪ್ ಆಗುತ್ತಿದ್ದವು. ನಿವೃತ್ತಿಯಾದ ಮೇಲೆ ನನ್ನನ್ನು ತಂಗಿಯ ಮಗ ಬಸಲಿಂಗ ಕೊಪ್ಪದನಿಗೆ ಕೊಟ್ಟರು. ಅವನು ಅವರನ್ನು ದೊಡ್ಡವ್ವ ಎನ್ನುತ್ತಿದ್ದ. ಕೊಡುವಾಗ ಕೇಳಿಸಿಕೊಂಡ ಮಾತಿಷ್ಟು: ಅವನೂ ಅವನ ಗೆಳೆಯರೂ ಬಾಸ್ಕೆಟ್‌ಬಾಲ್ ಲೀಗು ಶುರುಮಾಡುತ್ತಿದ್ದಾರಂತೆ. ಮೂವತ್ತೈದು ದಾಟಿದ ಗಂಡಸರಿಗೆ ಲೀಗು! ನಾನು ಮನಸ್ಸಿನಲ್ಲೇ ನಕ್ಕೆ.

ಬಸಲಿಂಗನದು ಔಷಧಿ ಅಂಗಡಿ. ತಾಳೆಮರದಂಥ ಆಳು, ಮಾತು ಕಡಿಮೆ. ಅವನ ಜೀವದ ಗೆಳೆಯ ಸಮೀರ ನದಾಫ್, ಸ್ಕೂಟರು ರಿಪೇರಿಯ ಗ್ಯಾರೇಜಿನವನು. ಕುಳ್ಳ, ಚುರುಕು, ಬಾಯಿ ಇನ್ನೂ ಚುರುಕು. ಇಬ್ಬರೂ ಕಾಲೇಜು ತಂಡದಲ್ಲಿ ಒಟ್ಟಿಗೆ ಆಡಿದವರು. ಊರಿನ ಟೂರ್ನಮೆಂಟಿನಲ್ಲಿ ಹೆಸರು ಕೊಡಲು ಹೋದಾಗ ಮೇಜಿನ ಹಿಂದಿದ್ದ ಹುಡುಗ ಇವರನ್ನು ‘ಅಂಕಲ್’ ಎಂದು ಕರೆದು, ಪ್ರೇಕ್ಷಕರ ಕುರ್ಚಿ ತೋರಿಸಿದನಂತೆ. ಆ ಹೊಟ್ಟೆಯುರಿಯಲ್ಲಿ ಹುಟ್ಟಿದ್ದು ಐತವಾರ ಲೀಗು, ಭಾನುವಾರ ಭಾನುವಾರ ಆಟ.

ಮುಚ್ಚಿಹೋದ ಹಾಸ್ಟೆಲ್ಲಿನ ಹಿಂದೆ ಒಂದು ಪಾಳು ಕೋರ್ಟು ಇತ್ತು. ಬಿರುಕುಗಳಲ್ಲಿ ಕರಿಕೆ ಬೆಳೆದಿತ್ತು, ಒಂದು ರಿಂಗು ಜೋತುಬಿದ್ದಿತ್ತು. ಹುಲ್ಲು ಕಿತ್ತರು, ಸಮೀರ ರಿಂಗಿಗೆ ವೆಲ್ಡಿಂಗ್ ಮಾಡಿದ, ಸುಣ್ಣದಲ್ಲಿ ಗೆರೆ ಎಳೆದರು. ಬಡಾವಣೆಗೊಂದರಂತೆ ಮೂರು ತಂಡ: ಮಾಳಮಡ್ಡಿಗೆ ಬಸಲಿಂಗ ನಾಯಕ, ಹೊಸಯಲ್ಲಾಪುರಕ್ಕೆ ಸಮೀರ, ಸಪ್ತಾಪುರಕ್ಕೆ ವಕೀಲ ಶ್ರೀಪಾದ ಜಮಖಂಡಿ. ಈ ವಕೀಲ ಚೆಂಡಿಗಿಂತ ಹೆಚ್ಚು ನಿಯಮ ಹಿಡಿದು ಆಡುವವನು. ಅಂಪೈರು ಯಾರು? ಹೊರಗಿನವರನ್ನು ಕರೆಯಲು ಇವರಿಗೆ ಮನಸ್ಸಿರಲಿಲ್ಲ. ಕೊನೆಗೆ ಒಂದು ಪದ್ಧತಿ ಮಾಡಿಕೊಂಡರು: ಎರಡು ತಂಡ ಆಡುವಾಗ ಖಾಲಿ ಕೂತ ಮೂರನೆಯ ತಂಡದವನು ಸೀಟಿ ಹಿಡಿಯಬೇಕು. ಹೀಗೆ ನಾನು ಬಾಯಿಂದ ಬಾಯಿಗೆ ಹೋಗತೊಡಗಿದೆ.

ಮೊದಲ ವರ್ಷವೇ ಒಂದು ಫೌಲಿನ ಮೇಲೆ ಜಗಳ ಹತ್ತಿಕೊಂಡು ಆಟ ಅರ್ಧಕ್ಕೇ ನಿಂತಿತು. ಕಾಲರು ಹಿಡಿಯುವುದೊಂದು ಬಾಕಿ. ಆಗ ಸಮೀರ ನಡುವೆ ನಿಂತು ಹೇಳಿದ: “ಸೀಟಿ ಊದಿದ ಮ್ಯಾಲ ಯಾರೂ ತುಟಿ ಪಿಟಕ್ ಅನ್ನಬಾರದು. ಊದಿದಾವ ನಮ್ಮಾವ. ತಪ್ಪು ಊದಿದ್ರೂ ನಮ್ಮಾವನೇ.”

ಎಲ್ಲರೂ ಒಪ್ಪಿದರು. ಒಪ್ಪುವುದು ಸುಲಭ, ಅವತ್ತು ಕಳೆದುಕೊಳ್ಳುವುದು ಏನಿತ್ತು ಹೇಳಿ.

ಮೂರು ವರ್ಷ ಚೆನ್ನಾಗಿ ನಡೆಯಿತು. ಮಾಳಮಡ್ಡಿ ಮಾತ್ರ ಒಮ್ಮೆಯೂ ಫೈನಲ್ ಕಾಣಲಿಲ್ಲ. ನಾಲ್ಕನೆಯ ವರ್ಷ ಬಸಲಿಂಗನ ಬಲಮೊಣಕಾಲು ಕೈಕೊಟ್ಟಿತು. ಇದೊಂದು ಸಲ ಆಡು, ಆಮೇಲೆ ಬೂಟು ಬಿಚ್ಚಿಡು ಎಂದರು ಡಾಕ್ಟರು. ಒಂದೇ ಒಂದು ಫೈನಲ್ ಆಡಿ ಬಿಡಬೇಕು ಎನ್ನುವುದು ಅವನ ಆಸೆ. ಅದನ್ನು ಅವನು ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಮೂರೂ ತಂಡಕ್ಕೆ ಗೊತ್ತಿತ್ತು.

ನಿಜವಾದ ಪೇಚು ಬಂದದ್ದು ಲೀಗಿನ ಕೊನೆಯ ಪಂದ್ಯಕ್ಕೆ. ಸಪ್ತಾಪುರ ಆಗಲೇ ಫೈನಲ್ ಮುಟ್ಟಿತ್ತು. ಅವತ್ತು ಸಪ್ತಾಪುರದ ಎದುರು ಹೊಸಯಲ್ಲಾಪುರ ಗೆದ್ದರೆ ಅದೂ ಫೈನಲ್ಲಿಗೆ; ಸೋತರೆ ಆ ಜಾಗ ಮಾಳಮಡ್ಡಿಗೆ. ಖಾಲಿ ಕೂತ ತಂಡ ಮಾಳಮಡ್ಡಿ. ಸೀಟಿ ಬಸಲಿಂಗನ ಕೈಯಲ್ಲಿ. ಬೇರೆ ಯಾರಾದರೂ ಹಿಡಿಯಲಿ ಎಂದು ಅವನು ಕೇಳಿಕೊಂಡ, ಅವನ ತಂಡದಲ್ಲಿ ಯಾರೂ ಮುಂದೆ ಬರಲಿಲ್ಲ. ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು ಅವನಿಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ.

ನನ್ನನ್ನು ಹಲ್ಲಲ್ಲಿ ಕಚ್ಚಿದ ರೀತಿಗೇ ನನಗೆ ತಿಳಿಯಿತು. ತುಟಿ ಒಣಗಿತ್ತು. ಸಮೀರನಿಗೆ ಅನ್ಯಾಯವಾಗಬಾರದು, ತನ್ನ ಆಸೆ ಉಸಿರಿನೊಳಗೆ ನುಸುಳಬಾರದು ಎಂದು ಅವನು ತನ್ನನ್ನೇ ಕಾಯುತ್ತಿದ್ದ. ಸಮೀರನ ಮೈಗೆ ಯಾರಾದರೂ ಸ್ವಲ್ಪ ಸೋಕಿದರೂ ನಾನು ಕಿರುಚುತ್ತಿದ್ದೆ. ವಕೀಲ ಹುಬ್ಬು ಗಂಟಿಕ್ಕಿದ, ಆದರೂ ಚೆಂಡು ಬಿಟ್ಟುಕೊಟ್ಟ.

ಆಟ ಮುಗಿಯಲು ಕೆಲವೇ ಕ್ಷಣ. ಹೊಸಯಲ್ಲಾಪುರ ಒಂದು ಅಂಕ ಹಿಂದೆ. ಚೆಂಡು ಸಮೀರನ ಕೈಗೆ ಬಂತು. ಬಗ್ಗಿ, ಇಬ್ಬರ ನಡುವೆ ತೂರಿ ರಿಂಗಿನ ಕಡೆ ನುಗ್ಗಿದ. ಶ್ರೀಪಾದನ ಕೈ ಅವನ ಮೊಣಕೈಗೆ ಫಟ್ಟೆಂದು ಬಿತ್ತು. ಅಷ್ಟೇ, ಬಸಲಿಂಗನ ಉಸಿರು ಒಡ್ಡು ಒಡೆದು ನುಗ್ಗಿತು. ನಾನು ಕೂಗಿದೆ. ಸಮೀರನ ಕಾಲು ಇನ್ನೂ ನೆಲದ ಮೇಲಿತ್ತು. ಪೆಟ್ಟು ತಿಂದೂ ಅವನು ನಿಲ್ಲಲಿಲ್ಲ. ಹಾರಿದ, ಎಸೆದ, ಚೆಂಡು ರಿಂಗಿನೊಳಗೆ ಸರಾಗವಾಗಿ ಇಳಿಯಿತು.

ಹೊಸಯಲ್ಲಾಪುರದವರು ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ಆಮೇಲೆ ಒಬ್ಬೊಬ್ಬರಾಗಿ ನಿಂತರು. ನಿಯಮ ಎಲ್ಲರಿಗೂ ಗೊತ್ತಿತ್ತು. ಎಸೆಯಲು ಏಳುವ ಮೊದಲೇ ಸೀಟಿ ಆದರೆ ಆಟ ಅಲ್ಲಿಗೇ ನಿಂತಂತೆ. ಆಮೇಲೆ ಬಿದ್ದ ಚೆಂಡು ಲೆಕ್ಕಕ್ಕಿಲ್ಲ. ಒಂದು ಗಳಿಗೆ ತಡೆದು ಊದಿದ್ದರೆ ಆ ಅಂಕವೂ ಸಮೀರನದೇ, ಪಂದ್ಯವೂ ಅವನದೇ.

ಬಸಲಿಂಗನ ಮುಖ ಬೂದಿಯಾಯಿತು. “ನಾ ಲಗೂನ ಊದಿಬಿಟ್ಟೆ, ಬಿದ್ದ ಬುಟ್ಟಿ ಲೆಕ್ಕಕ್ಕ ಹಿಡೀರಿ,” ಎಂದು ಬೇಡಿಕೊಂಡ. ಶ್ರೀಪಾದ ಕೈ ಅಡ್ಡ ಹಿಡಿದ: “ಊದಿದ ಮ್ಯಾಲ ಮಾತಿಲ್ಲ ಅಂತ ನಾವೇ ಮಾಡ್ಕೊಂಡದ್ದದ. ಆ ನಿಯಮ ಮಾಡಿದಾವ ಇಲ್ಲೇ ನಿಂತಾನ, ಅವನ್ನ ಕೇಳ್ರಿ.”

ಎಲ್ಲರೂ ಸಮೀರನನ್ನು ನೋಡಿದರು. ಅವನು ಬಸಲಿಂಗನನ್ನು ನೋಡಿದ. “ಊದ್ಯಾನ. ಮುಗೀತು,” ಎಂದ.

ಪಕ್ಕದ ಗೆರೆಯಿಂದ ಚೆಂಡು ಒಳಗೆ ಬಂತು, ಯಾರೋ ಗಡಿಬಿಡಿಯಲ್ಲಿ ಎಸೆದರು, ರಿಂಗಿಗೆ ಬಡಿದು ಹೊರಬಿತ್ತು. ಮಾಳಮಡ್ಡಿ ಫೈನಲ್ಲಿಗೆ ಬಂದಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಳ್ಳುತ್ತ ಸಮೀರ ತನ್ನವರಿಗೆ ಹೇಳಿದ, ಬಸಲಿಂಗನಿಗೆ ಕೇಳಿಸುವಂತೆಯೇ ಹೇಳಿದ: “ಮೊಣಕಾಲು ನೆಟ್ಟಗಿದ್ದಾಗ ಫೈನಲ್ ಮುಟ್ಟಲಿಲ್ಲ. ಈಗ ಸೀಟಿ ಊದಿ ಮುಟ್ಟ್ಯಾನ, ಆಡ್ಲಿ ಬಿಡ್ರಿ.”

ನನ್ನ ಸಂಕಟ ಯಾರಿಗೆ ಹೇಳಲಿ? ಆ ಉಸಿರಿನಲ್ಲಿ ಕಪಟದ ಎಳೆಯೂ ಇರಲಿಲ್ಲ. ಅದನ್ನು ಒಳಗಿನಿಂದ ಕಂಡವನು ನಾನೊಬ್ಬನೇ. ಸಾಕ್ಷಿ ಹೇಳು ಎಂದು ನಿಲ್ಲಿಸಿದರೆ ನಾನು ‘ಪುರ್ರ್’ ಎನ್ನಬೇಕು, ಅಷ್ಟೇ. ಆ ವಾರವೆಲ್ಲ ಬಸಲಿಂಗನ ಕಿಸೆಯಲ್ಲಿ ಬಿದ್ದುಕೊಂಡು ನನ್ನ ಹಣೆಬರಹವನ್ನು ನಾನೇ ಬೈದುಕೊಂಡೆ.

ಅವನು ಗ್ಯಾರೇಜಿಗೂ ಹೋದ. ಬೇರೆ ದಿನವಾದರೆ ದೂರದಿಂದಲೇ ‘ಬಾರಲೇ ಬಸೂ’ ಎಂದು ಕೂಗಿ ಚಹಾಕ್ಕೆ ಹೇಳುತ್ತಿದ್ದ ಸಮೀರ ಅವತ್ತು ಸ್ಕೂಟರಿನ ಅಡಿಯಿಂದ ತಲೆ ಎತ್ತಲಿಲ್ಲ. ಎಂಜಿನ್ ಆಯಿಲ್ ವಾಸನೆ ಕುಡಿದುಕೊಂಡು ಸ್ವಲ್ಪ ಹೊತ್ತು ನಿಂತು ಬಸಲಿಂಗ ಮರಳಿದ. ಫೈನಲ್ ಬಿಟ್ಟುಕೊಡೋಣ ಎಂದು ತನ್ನ ತಂಡಕ್ಕೆ ಹೇಳಿ ನೋಡಿದ. ನಿನ್ನ ದೋಸ್ತಿಗೋಸ್ಕರ ನಮ್ಮ ವರ್ಷ ಯಾಕೆ ಹಾಳು ಎಂದು ಅವರು ಹರಿಹಾಯ್ದರು. ಅವರದೂ ತಪ್ಪೇನಲ್ಲ ಬಿಡಿ.

ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಫೈನಲ್ಲಿನಲ್ಲಿ ಆಡುವುದು ಮಾಳಮಡ್ಡಿ, ಸಪ್ತಾಪುರ. ಖಾಲಿ ಕೂರುವುದು ಹೊಸಯಲ್ಲಾಪುರ. ಅಂದರೆ ಸೀಟಿ ಹಿಡಿಯಬೇಕಾದವನು ಸಮೀರ. ಅವನು ಬರದಿದ್ದರೆ ಅವನ ತಂಡವೂ ಬರುವುದಿಲ್ಲ. ಎರಡೇ ತಂಡ ಉಳಿದರೆ ಲೀಗಿನ ಕಥೆ ಮುಗಿದಂತೆ. ಬಂದರೆ? ಬಂದರೆ ಏನು ಮಾಡುತ್ತಾನೋ ಎಂಬುದು ಇನ್ನೂ ದೊಡ್ಡ ದಿಗಿಲು.

ಐತವಾರ ಬೆಳಿಗ್ಗೆ ಸಮೀರ ಬಂದ. ತಂಡದ ಸಮೇತ ಬಂದ, ಯಾರ ಮುಖವನ್ನೂ ನೋಡದೆ ಬಂದ. ಬಸಲಿಂಗನ ಅಂಗೈಯಿಂದ ನನ್ನನ್ನು ಎತ್ತಿಕೊಂಡು ಬಾಟಲಿಯ ನೀರು ಸುರಿದು ತೊಳೆದ, ಅಂಗಿಯ ತುದಿಯಿಂದ ಉಜ್ಜಿದ, ಮತ್ತೆ ತೊಳೆದ. ಇವರ ನಡುವೆ ಎಂಜಲು ಎನ್ನುವ ಮಾತೇ ಇರಲಿಲ್ಲ, ಒಬ್ಬನ ಬಾಯಿಂದ ಇನ್ನೊಬ್ಬನ ಬಾಯಿಗೆ ಹಾಗೇ ಹೋದವನು ನಾನು. ಬಸಲಿಂಗ ಅದನ್ನು ನೋಡಿ ತಲೆ ತಗ್ಗಿಸಿದ. ನನಗೆ ಅಳು ಬರುವಂತಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ.

ಆಟ ಶುರುವಾಯಿತು. ಎಲ್ಲರ ಒಂದು ಕಣ್ಣು ಚೆಂಡಿನ ಮೇಲೆ, ಇನ್ನೊಂದು ಕಣ್ಣು ಸಮೀರನ ಬಾಯಿಯ ಮೇಲೆ. ಅವನು ಸೇಡು ತೀರಿಸಿಕೊಳ್ಳುತ್ತಾನೆಂದು ಕಾದವರೇ ಹೆಚ್ಚು. ಅದು ಅವನಿಗೂ ಗೊತ್ತಿತ್ತು, ನನಗೆ ತಾಗುತ್ತಿದ್ದ ಅವನ ತುಟಿಗೆ ಗೊತ್ತಿತ್ತು. ಸಿಟ್ಟಿದ್ದದ್ದು ನಿಜ, ಒಳಗೆ ಕುದಿಯುತ್ತಿತ್ತು. ಆದರೆ ಸಿಟ್ಟಿನಿಂದ ಊದಿದ ಎನಿಸಿಕೊಳ್ಳಬಾರದು ಎಂಬ ಹಟ ಅದಕ್ಕಿಂತ ಬಲವಾಗಿತ್ತು. ಈ ಒಣಗಿದ ತುಟಿ ನನಗೆ ಹೊಸದಲ್ಲ. ತಡಿಯಪ್ಪಾ, ತಡಿ, ಎಂದು ಕೂಗಬೇಕೆನಿಸಿತು. ಕೂಗುವುದು ಹೇಗೆ?

ಕೊನೆಯ ಕ್ಷಣಗಳು. ಮಾಳಮಡ್ಡಿ ಒಂದು ಅಂಕ ಹಿಂದೆ. ಬಸಲಿಂಗ ಕುಂಟುತ್ತಲೇ ಚೆಂಡು ಹಿಡಿದು ನುಗ್ಗಿದ. ಶ್ರೀಪಾದ ಅಡ್ಡ ಬಂದು ಅವನ ತೋಳಿಗೆ ಬಡಿದ. ಸಮೀರನ ಎದೆಯಿಂದ ಉಸಿರು ಹಾರಿ ಬಂತು. ನಾನು ಕೂಗಿದೆ. ಬಸಲಿಂಗನ ಕಾಲು ನೆಲದ ಮೇಲೇ ಇತ್ತು. ಅವನು ಕೆಟ್ಟ ಕಾಲನ್ನೇ ಊರಿ ಹಾರಿದ. ಚೆಂಡು ರಿಂಗಿನ ಅಂಚಿನಲ್ಲಿ ಸುತ್ತಿ ಒಳಗೆ ಬಿತ್ತು.

ಮಾಳಮಡ್ಡಿಯವರು ‘ಸೇಡು ತೀರಿಸಿಕೊಂಡ ನೋಡ್ರಿ’ ಎನ್ನುತ್ತ ಸಮೀರನ ಮೇಲೆ ಏರಿಹೋದರು. ಬಸಲಿಂಗ ಎರಡೂ ಕೈ ಚಾಚಿ ಅವರನ್ನು ತಡೆದ. ಸಮೀರ ಮಾತ್ರ ಅಲುಗದೆ ನಿಂತಿದ್ದ. ನನ್ನನ್ನು ಬಾಯಿಂದ ತೆಗೆದು ಅಂಗೈಯಲ್ಲಿ ಇಟ್ಟುಕೊಂಡು, ಮೊದಲ ಸಲ ನೋಡುತ್ತಿರುವವನಂತೆ ನೋಡಿದ.

“ಬಸೂ, ನಾ ಬೇಕಂತ ಊದಲಿಲ್ಲೋ,” ಎಂದ. “ನಿನಗ ಅನ್ಯಾಯ ಆಗಬಾರದು ಅಂತಿದ್ದೆ. ಉಸಿರು ತಡೀಲಿಲ್ಲ.”

“ಗೊತ್ತೈತಿ,” ಎಂದ ಬಸಲಿಂಗ. “ನನಗ ಗೊತ್ತಿಲ್ದ ಇನ್ಯಾರಿಗೆ ಗೊತ್ತಿರತೈತಿ?”

ಸಮೀರ ಕೋರ್ಟಿನ ನಡುವೆಯೇ ಕುಕ್ಕರಿಸಿ ಕೂತು ಮುಖ ಮುಚ್ಚಿಕೊಂಡ. ಬೆನ್ನು ಕುಲುಕುತ್ತಿತ್ತು. ಬಸಲಿಂಗ ಮೊಣಕಾಲು ಮಡಚಲಾರದೆ ಮಡಚಿ ಅವನ ಪಕ್ಕ ಕೂತ. ಬುಟ್ಟಿ ಹಿಡಿಯೋಣ ಎಂದವನು ಈ ಸಲ ವಕೀಲ ಶ್ರೀಪಾದನೇ. ಬಸಲಿಂಗ ಬೇಡವೆಂದ. ಹೋದ ವಾರ ಇವನದು ಹಿಡಿಯಲಿಲ್ಲ, ಈ ವಾರ ನನ್ನದೂ ಬೇಡ ಎಂದ. ಪಕ್ಕದ ಗೆರೆಯಿಂದ ಚೆಂಡು ಎಸೆದು ಆಟ ಮುಂದುವರಿಸಿದರು, ಮಾಳಮಡ್ಡಿ ಸೋತಿತು. ತನ್ನ ಜೀವನದ ಒಂದೇ ಫೈನಲ್ ಸೋತ ಬಸಲಿಂಗ ಅವತ್ತು ಸಮೀರನ ಸ್ಕೂಟರಿನ ಹಿಂದೆ ಕೂತು ಮನೆಗೆ ಹೋದ.

ಇದೆಲ್ಲ ಆಗಿ ಬಹಳ ಕಾಲವಾಯಿತು. ನನ್ನ ಹೊಳಪು ಹೋಗಿ ಹಿತ್ತಾಳೆ ಕಾಣುತ್ತಿದೆ, ಹೊಟ್ಟೆಯೊಳಗಿನ ಗುಂಡು ಪುಡಿಯಾಗಿದೆ. ಈಗ ಊದಿದರೆ ಬರೀ ಗಾಳಿ. ಸಮೀರನ ಗ್ಯಾರೇಜಿನಲ್ಲಿ ಹಳೆಯ ಕೇಬಲುಗಳ ಪಕ್ಕ ಮೊಳೆಗೆ ನೇತಾಡುತ್ತಿದ್ದೇನೆ. ಲೀಗಿನಲ್ಲಿ ಈಗ ಹೊಸ ತಂಡಗಳು, ಬಣ್ಣಬಣ್ಣದ ಪ್ಲಾಸ್ಟಿಕ್ ಸೀಟಿಗಳು. ಅವುಗಳ ದನಿಗೆ ಒಂದು ಗತ್ತಿಲ್ಲ, ಇರಲಿ, ಮುದುಕರು ಹೀಗೇ ಗೊಣಗುತ್ತಾರೆ ಅಂದುಕೊಳ್ಳಿ.

ಪ್ರತಿ ವರ್ಷ ಲೀಗಿಗೆ ಹೊಸದಾಗಿ ಸೇರಿದ ಯಾರಾದರೂ ಒಬ್ಬ ಗ್ಯಾರೇಜಿಗೆ ಬಂದು ಕೇಳುತ್ತಾನೆ: ಖಾಲಿ ಕೂತ ತಂಡದವರು ಊದುವುದು ಸರಿಯಲ್ಲ, ಹೊರಗಿನ ಅಂಪೈರು ಕರೆಸೋಣ. ಚಹಾ ಕುಡಿಯಲು ಬಂದ ಬಸಲಿಂಗ ಮೊಣಕಾಲು ನೀವಿಕೊಳ್ಳುತ್ತ ಕೂರುತ್ತಾನೆ. ಉತ್ತರ ಹೇಳುವುದು ಸಮೀರ, ಸ್ಪ್ಯಾನರು ಕೆಳಗಿಟ್ಟು, ಒಂದೊಂದೇ ಮಾತು:

“ಹೊರಗಿನಾವ ತಪ್ಪು ಊದಿದ್ರ, ಅವನ್ನ ಬೈದು ಮನಿಗೆ ಹೋಗ್ತೀರಿ. ನಮ್ಮಾವ ಊದಿದ್ರ, ಮುಂದಿನ ವಾರ ಅದೇ ಸೀಟಿ ನಿಮ್ಮ ಬಾಯಾಗ ಬರ್ತೈತಿ.”