ಡೆಲ್ಬರ್ಟ್ ಅವರ ಕುಳಿ

ಗುರುಗ್ರಹದ ಹಿಮಚಂದ್ರ ಕ್ಯಾಲಿಸ್ಟೊದ ಮೈತುಂಬ ಸಿಡುಬಿನ ಕಲೆಗಳಂತೆ ಕುಳಿಗಳು. ಅವುಗಳ ನಕ್ಷೆ ಬರೆಯುವುದೇ ಅಮೆರಿಕದ ಫ್ಲ್ಯಾಗ್‌ಸ್ಟಾಫ್ ಊರಿನ ನಮ್ಮ ಕಚೇರಿಯ ಕಸುಬು. ಇಲ್ಲೊಂದು ಮಡಿ ಇದೆ: ಯಾವ ಚಿತ್ರವನ್ನೇ ಇಡಲಿ, ಬಿಸಿಲು ಮೇಲಿನಿಂದ ಬೀಳುವಂತೆ ಇಡಬೇಕು. ತಲೆಕೆಳಗಾದರೆ ಕಣ್ಣು ಮೋಸಹೋಗಿ ಗುಡ್ಡ ಗುಂಡಿಯಾಗಿ ಕಾಣುತ್ತದೆ, ಗುಂಡಿ ಗುಡ್ಡವಾಗಿ.

ಈ ಮಡಿಯನ್ನು ನನ್ನ ತಲೆಗೆ ತುಂಬಿದವರು ಡೆಲ್ಬರ್ಟ್. ಮೂವತ್ತೆಂಟು ವರ್ಷದ ನೌಕರಿ, ಶುಕ್ರವಾರ ಮಧ್ಯಾಹ್ನ ಬೀಳ್ಕೊಡುಗೆ. ಅವರು ಗುರುತಿಸಿದ ಮೊದಲ ದೊಡ್ಡ ಕುಳಿಗೆ ಎಂಬತ್ತು ಕಿಲೋಮೀಟರ್ ಅಗಲ. ಅದರ ಫೋಟೊ ಅವರ ಮೇಜಿನ ಮೇಲೆ, ಮದುವೆ ಫೋಟೊದ ಪಕ್ಕದಲ್ಲೇ ಇರುತ್ತದೆ.

ಗುರುವಾರ ಅದನ್ನು ಹೊಸ ಚಿತ್ರಗಳ ಜೊತೆ ಹೋಲಿಸಿದೆ. ಹಳೆಯ ಫೋಟೊದಲ್ಲಿ ಬಿಸಿಲು ಕೆಳಗಿನಿಂದ ಬಿದ್ದಿತ್ತು. ಅದು ಕುಳಿಯೇ ಅಲ್ಲ, ಗುಡ್ಡ. ತಿದ್ದಿದ ನಕ್ಷೆ ಶುಕ್ರವಾರವೇ ಹೋಗಬೇಕು, ಸಹಿ ಹಾಕಬೇಕಾದವರೂ ಅವರೇ. ಹೊರಟು ನಿಂತ ಮನುಷ್ಯನಿಗೆ ಇದನ್ನು ಯಾವ ಬಾಯಲ್ಲಿ ಹೇಳಲಿ? ಹೇಡಿಯ ಹಾಗೆ ನಕ್ಷೆಯನ್ನು ಡ್ರಾಯರಿಗೆ ತುರುಕಿದೆ.

ಅದೇ ಫೋಟೊದ ಪ್ರತಿಯನ್ನು ಕುಳಿಯ ಆಕಾರದ ಬೀಳ್ಕೊಡುಗೆ ಕೇಕಿಗೆಂದು ಬೇಕರಿಗೆ ವಾರದ ಹಿಂದೆಯೇ ಕೊಟ್ಟಿದ್ದೆ. ಶುಕ್ರವಾರ ಡಬ್ಬಿ ತೆರೆದರೆ ನಡುವೆ ಗುಂಡಿಯಿಲ್ಲ, ಕ್ರೀಮಿನ ದಿಬ್ಬ ಎದ್ದಿದೆ.

"ಇದೇನಮ್ಮ ಮರಿಸೋಲ್, ನನ್ನ ಕುಳಿ ಬಾತ್ಕೊಂಡಿದೆ?" ಎಂದರು ಡೆಲ್ಬರ್ಟ್.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. "ಬೇಕರಿಯವಳು ಫೋಟೊ ಉಲ್ಟಾ ಹಿಡ್ಕೊಂಡಿರ್ಬೇಕು."

ಅವರು ನನ್ನ ಮುಖವನ್ನೇ ನೋಡಿದರು. ಮೇಜಿನ ಹತ್ತಿರ ಹೋಗಿ ಫೋಟೊ ತೆಗೆದುಕೊಂಡು ತಿರುಗಿಸಿ ಹಿಡಿದರು.

"ನಿಂಗೆ ಯಾವಾಗ ಗೊತ್ತಾಯ್ತು?"

"ನಿನ್ನೆ."

"ಮತ್ತೆ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?"

"ಇವತ್ತೊಂದಿನ ನೀವು ಖುಷಿಯಾಗಿರ್ಲಿ ಅಂತ."

"ಬೇಕರಿಯವಳು ಧೈರ್ಯವಾಗಿ ಹೇಳಿದಾಳೆ, ನಿಂಗೇನು ದಾಡಿ? ಇಷ್ಟು ವರ್ಷ ನಾನು ಕಲ್ಸಿದ್ದು ಇದನ್ನೇನಾ? ತಾ ನಕ್ಷೆ."

ತಂದುಕೊಟ್ಟೆ. ನಾನು 'ಗುಡ್ಡ' ಎಂದು ಬರೆದಿದ್ದ ಕಡೆ ಬೆರಳಿಟ್ಟು ಓದಿದರು, ಕೆಳಗೆ ಸಹಿ ಹಾಕಿದರು. ನನಗೆ ಅಳು ಬಂತು, ಅವರ ಮೇಲಿನ ಅಭಿಮಾನಕ್ಕೆ.

"ಅಳೋದೆಲ್ಲ ಆಮೇಲೆ, ತಟ್ಟೆ ಹಿಡಿ," ಎಂದವರೇ ದೊಡ್ಡ ಚಮಚ ತೆಗೆದುಕೊಂಡು ಕ್ರೀಮಿನ ದಿಬ್ಬವನ್ನು ಬುಡಸಮೇತ ತೋಡಿ ನನ್ನ ತಟ್ಟೆಗೆ ಹಾಕಿದರು. ಕೇಕಿನ ನಡುವೆ ಆಳವಾದ ಗುಂಡಿ ಬಿತ್ತು.

ಕೇಕನ್ನು ಕಿಟಕಿಯ ಬೆಳಕಿಗೆ ಒಂದು ಸುತ್ತು ಪೂರ್ತಿ ತಿರುಗಿಸಿ ನೋಡಿದರು.

"ಇದು ನಂದು. ಬಿಸಿಲು ಯಾವ ಕಡೆಯಿಂದ ಬಿದ್ರೂ ಕುಳಿನೇ."